ಬೋನ್ ಚೈನಾ ಅಂದರೆ ನಿಜವಾಗಿಯೂ ಮೂಳೆಯಾ?

ಅಕ್ಕಾ, ಉಡುಗೊರೆಯಾಗಿ ಬಂದ ಟೀ ಸೆಟ್ ಅಡಿಯಲ್ಲಿ ‘ಬೋನ್ ಚೈನಾ’ ಅಂತ ಬರೆದಿದೆ, ಇದು ಬರೀ ಹೆಸರಾ, ಒಳಗೆ ಮೂಳೆ ಇದೆಯಾ, ನಮ್ಮದು ಸಸ್ಯಾಹಾರಿ ಮನೆ ಅಂತ ಕೇಳಿದ್ದೀರಿ. ಮೂಳೆ ಇದೆ. ‘ಸುಮ್ನೆ ಹೆಸರು ಅಷ್ಟೇ’ ಅಂತ ಹೇಳಿ ಮಾರುವುದು ತಪ್ಪು. ಕೇಳಿದವರಿಗೆ ಇದ್ದದ್ದನ್ನು ಹೇಳಬೇಕು.

ಹಳೆಯ ಇಂಗ್ಲಿಷ್ ಅಳತೆ ಹೀಗಿದೆ: ಅರ್ಧ ಭಾಗ ಮೂಳೆಯ ಬೂದಿ, ಕಾಲು ಭಾಗ ಕೇಯೋಲಿನ್ ಅನ್ನುವ ಬಿಳಿ ಜೇಡಿಮಣ್ಣು, ಇನ್ನು ಕಾಲು ಭಾಗ ಕಾರ್ನ್‌ವಾಲ್ ಕಡೆಯ ಕಲ್ಲಿನ ಪುಡಿ. ಮೂಳೆ ಹೆಚ್ಚಾಗಿ ದನದ್ದು. ಅದನ್ನು ಶುಚಿ ಮಾಡಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಕೊಬ್ಬು, ಅಂಟು ಎಲ್ಲ ಉರಿದುಹೋಗಿ ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಅನ್ನುವ ಖನಿಜ ಉಳಿಯುತ್ತದೆ. ಪಾತ್ರೆಯ ಆಕಾರ ಕೊಟ್ಟ ಮೇಲೆ 1200 ಡಿಗ್ರಿಗೂ ಮೇಲೆ ಮತ್ತೆ ಸುಡುತ್ತಾರೆ. ಹಾಗಾಗಿ ಚಹಾಕ್ಕೆ ಮೂಳೆಯ ಅಂಶವೇನೂ ಇಳಿಯುವುದಿಲ್ಲ. ಆದರೆ ಮೂಲ ಪ್ರಾಣಿಯದೇ, ಅದನ್ನು ಅಲ್ಲಗಳೆಯುವಂತಿಲ್ಲ.

‘ಚೈನಾ’ ಯಾಕೆ ಅಂದರೆ, ಯುರೋಪಿಗೆ ಇಂಥ ಬಿಳಿ ಪಾತ್ರೆ ಮೊದಲು ಹೋಗಿದ್ದು ಚೀನಾದಿಂದ. ಅದರ ಗುಟ್ಟು ಜರ್ಮನಿಯ ಮೈಸೆನ್‌ನವರಿಗೆ 1710ರ ಹೊತ್ತಿಗೆ ಸಿಕ್ಕಿತು. ಇಂಗ್ಲೆಂಡಿನವರು ಬೇರೆ ದಾರಿ ಹುಡುಕಿದರು. ಲಂಡನ್ನಿನ ಬೋ ಕಾರ್ಖಾನೆಯಲ್ಲಿ ಥಾಮಸ್ ಫ್ರೈ 1740ರ ದಶಕದಲ್ಲೇ ಮಣ್ಣಿಗೆ ಮೂಳೆ ಬೂದಿ ಸೇರಿಸಿದ. ಈಗಿನ ಅಳತೆಗೆ ಅದನ್ನು ತಂದು ನಿಲ್ಲಿಸಿದ್ದು ಸ್ಟೋಕ್ ಊರಿನ ಜೊಸಾಯಾ ಸ್ಪೋಡ್, 1790ರ ಸುಮಾರಿಗೆ. ಮೂಳೆ ಬೂದಿಯಿಂದಲೇ ಅಷ್ಟು ತೆಳುವಾಗಿದ್ದರೂ ಗಟ್ಟಿ, ಬಣ್ಣ ಕೆನೆಬಿಳಿ.

ಈಗ ಗುರುತಿಸುವುದು ಹೇಗೆ? ನಾವು ಎಲ್ಲವನ್ನೂ ‘ಪಿಂಗಾಣಿ’ ಅಂದುಬಿಡುತ್ತೇವೆ, ಅಲ್ವಾ, ಅಲ್ಲೇ ಗೊಂದಲ. ಮೊಬೈಲ್ ಟಾರ್ಚ್ ಮುಂದೆ ಹಿಡಿದರೆ ಬೋನ್ ಚೈನಾದಲ್ಲಿ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಆದರೆ ಮೂಳೆ ಬೂದಿ ಹಾಕದ ಪಿಂಗಾಣಿಯಾದ ಪೋರ್ಸಲಿನ್ ತೆಳುವಾಗಿದ್ದರೆ ಅದರಲ್ಲೂ ಬೆಳಕು ಹಾಯುತ್ತದೆ. ಅದರ ಬಿಳುಪು ಮಾತ್ರ ಸ್ವಲ್ಪ ನೀಲಿ ಅಥವಾ ಬೂದು ಕಡೆಗೆ. ಅದಕ್ಕೇ ಅಡಿಯ ಮುದ್ರೆ ಓದುವುದೇ ಜಾಸ್ತಿ ನಂಬಿಕೆಯ ದಾರಿ. ‘ಪೋರ್ಸಲಿನ್’, ‘ಸ್ಟೋನ್‌ವೇರ್’ ಅಂತಿದ್ದರೆ ಸಾಮಾನ್ಯವಾಗಿ ಮೂಳೆ ಇರುವುದಿಲ್ಲ. ‘ನ್ಯೂ ಬೋನ್ ಚೈನಾ’ ಅಂತಿದ್ದರೆ ಮೂಳೆ ಇದೆಯಾ ಅಂತ ತಯಾರಕರಿಗೆ ಒಂದು ಮೇಲ್ ಹಾಕಿ ಕೇಳಿ, ಉತ್ತರ ಬರವಣಿಗೆಯಲ್ಲೇ ಇರಲಿ.

ಮನಸ್ಸು ಒಪ್ಪದಿದ್ದರೆ ಬಳಸುವವರಿಗೆ ಕೊಟ್ಟುಬಿಡಿ, ಬೀರುವಿನಲ್ಲಿ ಸುಮ್ನೆ ಇಡಬೇಡಿ. ಇಟ್ಟುಕೊಳ್ಳುವುದಾದರೆ, ಚಿನ್ನದ ಅಂಚು ಇದ್ದರೆ ಮೈಕ್ರೋವೇವ್‌ಗೆ ಹಾಕಬೇಡಿ, ಕಿಡಿ ಹಾರುತ್ತದೆ.