ಪ್ರತಿಕ್ರಿಯೆ: ಬಿಪಿ ಇರುವವರು ದಿನಾ ಜ್ಯೇಷ್ಠಮಧು ಕುಡಿಯಬಹುದಾ?

ನಮಸ್ಕಾರ. ನಿಮ್ಮ ತಾಯಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಒಣಕೆಮ್ಮು ಮತ್ತು ಎದೆಯುರಿಗೆ ಅಂತ ಎರಡು ತಿಂಗಳಿಂದ ದಿನಾ ಜ್ಯೇಷ್ಠಮಧು ಕಷಾಯ ಕುಡಿಯುತ್ತಿದ್ದಾರೆ, ಮುಂದುವರಿಸಬಹುದಾ ಅಂತ ಕೇಳಿದ್ದೀರಿ. ಬೇಡ, ಸದ್ಯಕ್ಕೆ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ಬೇರು ಒಳ್ಳೆಯದೇ. ಗಂಟಲಿಗೆ ಹಿತ ಕೊಡುತ್ತದೆ. ಹೊಟ್ಟೆಯ ಹುಣ್ಣಿಗೆ ಹಿಂದೆ ಬಳಕೆಯಲ್ಲಿದ್ದ ಕಾರ್ಬೆನಾಕ್ಸೊಲೋನ್ ಎಂಬ ಔಷಧಿಯ ಮೂಲವೂ ಇದೇ.

ತೊಂದರೆ ಇರುವುದು ಅದಕ್ಕೆ ಸಿಹಿ ಕೊಡುವ ಗ್ಲಿಸಿರೈಜಿನ್‌ನಲ್ಲಿ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಇದೆ. ಮೂತ್ರಪಿಂಡದಲ್ಲಿ ಒಂದು ಕಿಣ್ವ ಅದನ್ನು ನಿಷ್ಕ್ರಿಯ ಮಾಡುತ್ತಿರುತ್ತದೆ. ಗ್ಲಿಸಿರೈಜಿನ್ ಆ ಕಿಣ್ವವನ್ನೇ ತಡೆಯುತ್ತದೆ. ಆಗ ಕಾರ್ಟಿಸಾಲ್ ಮೂತ್ರಪಿಂಡದಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ, ಅದರಿಂದ ಮೈಯಲ್ಲಿ ಉಪ್ಪು, ನೀರು ಉಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ. ತಾಯಿಯ ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದಾಗಿದ್ದರೆ ಪೊಟ್ಯಾಸಿಯಂ ಇನ್ನೂ ಜಾಸ್ತಿ ಇಳಿಯಬಹುದು. ನನಗೆ ಹೆಚ್ಚು ಭಯ ಇದರದ್ದೇ, ಯಾಕಂದ್ರೆ ಹೃದಯದ ಬಡಿತವೇ ಏರುಪೇರಾಗಬಹುದು.

ಯುರೋಪಿನ ಆಹಾರ ತಜ್ಞರ ಸಮಿತಿ 2003ರಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದು ಎಂದು ಹೇಳಿತ್ತು. ಅದು ಆರೋಗ್ಯವಂತರಿಗೆ. ಮನೆಯ ಕಷಾಯದಲ್ಲಿ ಎಷ್ಟಿದೆ ಅಂತ ಅಳೆಯೋಕೆ ಆಗಲ್ಲ ಅಲ್ವಾ? ಗರ್ಭಿಣಿಯರೂ ಇದರಿಂದ ದೂರ ಇರಬೇಕು.

ಗ್ಲಿಸಿರೈಜಿನ್ ತೆಗೆದ ಡಿಜಿಎಲ್ ಮಾತ್ರೆಗಳೂ ಇವೆ. ಅವುಗಳಿಂದ ಈ ಅಪಾಯ ತುಂಬಾ ಕಡಿಮೆ, ಆದರೂ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಈ ವಾರವೇ ಬಿಪಿ ನೋಡಿಸಿ, ರಕ್ತದ ಪೊಟ್ಯಾಸಿಯಂ ಪರೀಕ್ಷೆ ಬೇಕಾ ಅಂತಲೂ ಕೇಳಿ. ಕಾಲು ಊತ, ಕೈಕಾಲು ಸೋಲು, ಎದೆ ಡವಡವ ಇದ್ದರೆ ಕಾಯಬೇಡಿ, ಇವತ್ತೇ ಕರೆದುಕೊಂಡು ಹೋಗಿ.