ಡಿಸ್ಕ್ ತಾನಾಗೇ ತೆರೆಯಲಿ, ಆದರೆ ಪಾಸ್‌ಫ್ರೇಸ್ ಅಳಿಸಬೇಡಿ

ಎರಡು ಎನ್‌ಕ್ರಿಪ್ಟೆಡ್ ಡಿಸ್ಕ್, ಬೂಟ್ ಆಗುವಾಗ ಎರಡೆರಡು ಸಲ ಪಾಸ್‌ಫ್ರೇಸ್, ಅದನ್ನು ತೆಗೆದುಹಾಕಿ ಬರೀ ಕೀಫೈಲ್‌ನಿಂದ (ಪಾಸ್‌ಫ್ರೇಸ್ ಬದಲು ಕೀಲಿಯಾಗಿ ಕೆಲಸ ಮಾಡುವ ಫೈಲ್) ತೆರೆಯುವಂತೆ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಹುಡುಕಿದ್ದೂ ಇದನ್ನೇ. ಉತ್ತರ ಸಿಕ್ಕಿತು, ಹಾಗೇ ಮಾಡಿದೆ. ಮಗಳು ಹುಟ್ಟಿದಾಗಿನಿಂದ ನಾಲ್ಕು ವರ್ಷ ತುಂಬುವವರೆಗಿನ ವಿಡಿಯೊಗಳನ್ನು ನಾನು ಕಳೆದುಕೊಂಡದ್ದು ಹಾಗೆ.

ನನ್ನದೂ ಲಿನಕ್ಸ್. ಸಿಸ್ಟಮ್ ಒಂದು ಎಸ್‌ಎಸ್‌ಡಿಯಲ್ಲಿ, ಉಳಿದದ್ದೆಲ್ಲ 4 ಟಿಬಿಯ ಹಾರ್ಡ್ ಡಿಸ್ಕಿನಲ್ಲಿ, ಎರಡಕ್ಕೂ ಲಕ್ಸ್, ಅಂದರೆ ಲಿನಕ್ಸಿನ ಡಿಸ್ಕ್ ಎನ್‌ಕ್ರಿಪ್ಷನ್ ವ್ಯವಸ್ಥೆ. ದಿನಾ ಎರಡು ಸಲ ಟೈಪ್ ಮಾಡಿ ಬೇಸತ್ತಿದ್ದೆ. ಲಿನಕ್ಸಿನಲ್ಲಿ ರಾಂಡಮ್ ಬೈಟ್ ಕೊಡುವ ಯುರಾಂಡಮ್‌ನಿಂದ 4096 ಬೈಟ್‌ಗಳ ಕೀಫೈಲ್ ಮಾಡಿದೆ, ರೂಟ್ ಬಳಕೆದಾರನ ಫೋಲ್ಡರಿನಲ್ಲಿಟ್ಟು ಅನುಮತಿಯನ್ನು 0400ಕ್ಕೆ (ಮಾಲೀಕ ಮಾತ್ರ ಓದಬಹುದು) ಇಳಿಸಿದೆ, ಲಕ್ಸ್‌ಆಡ್‌ಕೀ ಕಮಾಂಡಿನಿಂದ ಅದನ್ನು ಡೇಟಾ ಡಿಸ್ಕಿಗೆ ಎರಡನೇ ಕೀಲಿಯಾಗಿ ಸೇರಿಸಿದೆ, ಬೂಟ್ ಆಗುವಾಗ ಯಾವ ಡಿಸ್ಕನ್ನು ಹೇಗೆ ತೆರೆಯಬೇಕು ಅಂತ ಹೇಳುವ ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದೆ. ರೀಬೂಟ್ ಮಾಡಿದೆ. ಸಿಸ್ಟಮ್ ಡಿಸ್ಕಿಗೆ ಒಂದೇ ಸಲ ಪಾಸ್‌ಫ್ರೇಸ್ ಕೇಳಿತು, ಡೇಟಾ ಡಿಸ್ಕ್ ತಾನಾಗೇ ತೆರೆಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಉತ್ತರ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಡಿಸ್ಕಿನ ಲಕ್ಸ್ ವಿವರ ತೋರಿಸುವ ಲಕ್ಸ್‌ಡಂಪ್ ಕಮಾಂಡ್ ಹಾಕಿ ನೋಡಿದಾಗ ಎರಡು ಸ್ಲಾಟ್, ಅಂದರೆ ಒಂದೊಂದು ಕೀಲಿಗೆ ಒಂದೊಂದು ಜಾಗ, ಕಂಡವು. 0ರಲ್ಲಿ ಹಳೆಯ ಪಾಸ್‌ಫ್ರೇಸ್, 1ರಲ್ಲಿ ಕೀಫೈಲ್. ನನ್ನ ಪಾಸ್‌ಫ್ರೇಸ್ ಹದಿನಾಲ್ಕು ಅಕ್ಷರದ್ದು, ಕೀಫೈಲೋ ಯಾರೂ ಊಹಿಸಲಾಗದ 4096 ಬೈಟ್. ಗಟ್ಟಿ ಬಾಗಿಲಿನ ಪಕ್ಕದಲ್ಲೇ ಒಂದು ತೆಳು ಬಾಗಿಲು ಯಾಕೆ ಅನ್ನಿಸಿತು. ಲಕ್ಸ್‌ಕಿಲ್‌ಸ್ಲಾಟ್ ಹಾಕಿ 0ನ್ನು ಅಳಿಸಿದೆ. ಕೊನೆಯ ಸ್ಲಾಟ್ ಅಳಿಸುವಾಗ ಬರುವ ದೊಡ್ಡ ಎಚ್ಚರಿಕೆ ಬರಲಿಲ್ಲ, ಏಕೆಂದರೆ ಇನ್ನೊಂದು ಸ್ಲಾಟ್ ಉಳಿದಿತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಾಡುವಾಗ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ. ಗೂಢಲಿಪಿಯ ಲೆಕ್ಕದಲ್ಲಿ ನನ್ನ ತರ್ಕ ಸರಿಯಾಗಿಯೇ ಇತ್ತು. ನಾನು ಅಳೆದದ್ದು ಕೀಲಿ ಎಷ್ಟು ಗಟ್ಟಿ ಅನ್ನುವುದನ್ನು, ಅಳೆಯದೇ ಬಿಟ್ಟದ್ದು ಅದು ಎಲ್ಲಿದೆ ಅನ್ನುವುದನ್ನು. ಪಾಸ್‌ಫ್ರೇಸ್ ಇದ್ದದ್ದು ನನ್ನ ತಲೆಯಲ್ಲಿ. ಯಾವ ಡಿಸ್ಕ್ ಸುಟ್ಟರೂ ಅದಕ್ಕೇನೂ ಆಗುತ್ತಿರಲಿಲ್ಲ. ಕೀಫೈಲ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ. ಅಂದರೆ ಆ ಒಂದು ಕಮಾಂಡಿನಿಂದ ಡೇಟಾ ಡಿಸ್ಕಿನ ಆಯುಷ್ಯವನ್ನು ಎಸ್‌ಎಸ್‌ಡಿಯ ಆಯುಷ್ಯಕ್ಕೆ ಕಟ್ಟಿಹಾಕಿದ್ದೆ. ಬ್ಯಾಕಪ್ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. ಪ್ರತಿ ರಾತ್ರಿ ಎಸ್‌ಎಸ್‌ಡಿಯ ಫೈಲ್‌ಗಳು, ರೂಟ್ ಫೋಲ್ಡರ್ ಸಮೇತ, ಬ್ಯಾಕಪ್ ಆಗುತ್ತಿದ್ದವು. ಎಲ್ಲಿಗೆ? ಅದೇ 4 ಟಿಬಿ ಡಿಸ್ಕಿಗೆ. ಬೀಗದ ಕೈಯ ಇನ್ನೊಂದು ಪ್ರತಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ್ದೆ. ಎರಡು ಪ್ರತಿ ಇವೆ ಅಂತ ಎಂಟು ತಿಂಗಳು ನೆಮ್ಮದಿಯಾಗಿದ್ದೆ.

ಒಂದು ಬೆಳಿಗ್ಗೆ ಎಸ್‌ಎಸ್‌ಡಿ ಫರ್ಮ್‌ವೇರ್ ಪಟ್ಟಿಯಲ್ಲೇ ಕಾಣಲಿಲ್ಲ. ಮುನ್ಸೂಚನೆ ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆಗ ಹೆದರಿಕೆಯೂ ಆಗಲಿಲ್ಲ. ಸಿಸ್ಟಮ್ ಮತ್ತೆ ಹಾಕಿದರಾಯಿತು, ಬೇಕಾದದ್ದೆಲ್ಲ ಇನ್ನೊಂದು ಡಿಸ್ಕಿನಲ್ಲಿದೆ ಅಂದುಕೊಂಡೆ. ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ ಡೇಟಾ ಡಿಸ್ಕ್ ತೆರೆಯಲು ಪಾಸ್‌ಫ್ರೇಸ್ ಟೈಪ್ ಮಾಡಿದೆ. ಈ ಪಾಸ್‌ಫ್ರೇಸ್‌ಗೆ ಹೊಂದುವ ಕೀಲಿ ಇಲ್ಲ ಎಂಬ ಒಂದು ಸಾಲು ಬಂತು. ಕೈತಪ್ಪಿರಬೇಕು ಅಂತ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದೆ. ಅದೇ ಸಾಲು. ಕೀಬೋರ್ಡ್ ಲೇಔಟ್ ಬದಲಾಗಿರಬಹುದು ಅಂತ ಪಾಸ್‌ಫ್ರೇಸನ್ನು ಮೊದಲು ಖಾಲಿ ಎಡಿಟರಿನಲ್ಲಿ ಹೊಡೆದು ಕಣ್ಣಾರೆ ನೋಡಿದೆ. ಸರಿಯಾಗಿಯೇ ಇತ್ತು. ಆಮೇಲೆ ಲಕ್ಸ್‌ಡಂಪ್ ಹಾಕಿದೆ. ಕೀಸ್ಲಾಟ್ ಅನ್ನುವ ಪದದ ಕೆಳಗೆ ಒಂದೇ ಅಂಕಿ: 1. ಎಂಟು ತಿಂಗಳ ಹಿಂದೆ ನಾನೇ ಮಾಡಿದ್ದು ನೆನಪಾದದ್ದು ಆಗ.

ಪಾಸ್‌ಫ್ರೇಸ್ ಬಾಯಿಪಾಠ ಇದ್ದರೂ ಪ್ರಯೋಜನ ಯಾಕಿಲ್ಲ ಅಂದರೆ, ಡಿಸ್ಕಿನ ಡೇಟಾಕ್ಕೆ ನೇರವಾದ ಕೀಲಿ ಪಾಸ್‌ಫ್ರೇಸ್ ಅಲ್ಲ. ನಿಜವಾದ ಕೀಲಿ ಬೇರೆಯದೇ ಒಂದು ರಾಂಡಮ್ ಸಂಖ್ಯೆ, ಅದನ್ನು ಪಾಸ್‌ಫ್ರೇಸಿನಿಂದ ಮುಚ್ಚಿ ಸ್ಲಾಟಿನಲ್ಲಿ ಇಟ್ಟಿರುತ್ತದೆ. ಹಾಗೆ ಇಡುವಾಗ ಲಕ್ಸ್ ಅದನ್ನು 4000 ಪಟ್ಟಿಗಳಾಗಿ ಹರಡುತ್ತದೆ. ಅವುಗಳಲ್ಲಿ ಒಂದು ಚೂರು ಅಳಿದರೂ ಇಡೀ ಕೀಲಿ ಮರಳಿ ಕೂಡಿಬರಬಾರದು ಅನ್ನುವುದೇ ಅದರ ಉದ್ದೇಶ. ಕಿಲ್‌ಸ್ಲಾಟ್ ಆ ಜಾಗದ ಮೇಲೆ ತಿದ್ದಿ ಬರೆಯುತ್ತದೆ. ಡೇಟಾ ರಿಕವರಿ ಮಾಡುವವರೊಬ್ಬರು ಎಸ್‌ಎಸ್‌ಡಿಯನ್ನು ನೋಡಿ ಆಗದು ಅಂದರು. ಹಾರ್ಡ್ ಡಿಸ್ಕನ್ನು ಅವರಿಗೆ ತೋರಿಸುವ ಅಗತ್ಯವೂ ಇರಲಿಲ್ಲ, ಅದು ಚೆನ್ನಾಗಿಯೇ ಓಡುತ್ತಿತ್ತು. ಫೋನಿನಿಂದ ನೆಂಟರಿಗೆ ಕಳಿಸಿದ್ದ ಹನ್ನೆರಡು ತುಣುಕುಗಳು ಉಳಿದಿವೆ, ಕುಗ್ಗಿಸಿದ್ದರಿಂದ ಮುಖ ಮಸುಕು. ಮಗಳು ಮೊದಲ ಸಲ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದದ್ದು ಅವುಗಳಲ್ಲಿ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ. ಪಾಸ್‌ಫ್ರೇಸ್ ತೆಗೆಯುವುದು ಹೇಗೆ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಟೈಪ್ ಮಾಡುವ ಕಷ್ಟ ತಪ್ಪಿಸಲು ಸ್ಲಾಟ್ ಅಳಿಸಬೇಕಾಗಿಲ್ಲ. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ 8 ಸ್ಲಾಟ್, ಎರಡನೆಯದರಲ್ಲಿ 32ರವರೆಗೆ ಇಡಬಹುದು. ಕೀಫೈಲ್ ಒಂದರಲ್ಲಿ ಇರಲಿ, ಪಾಸ್‌ಫ್ರೇಸ್ ಇನ್ನೊಂದರಲ್ಲಿ ಸುಮ್ಮನೆ ಕೂತಿರಲಿ. ಅದು ದುರ್ಬಲ ಅನ್ನಿಸಿದರೆ ಇನ್ನೂ ಉದ್ದದ್ದು ಇಡಿ, ಕಾಗದದಲ್ಲಿ ಬರೆದು ಯಂತ್ರದಿಂದ ದೂರ ಇಡಿ. ದಿನಾ ಟೈಪ್ ಮಾಡಬೇಕಿಲ್ಲವಲ್ಲ, ಆರು ಪದಗಳಾದರೂ ತೊಂದರೆಯಿಲ್ಲ.

ಕೀಫೈಲ್‌ಗೂ ಮುಂಚೆ ಇನ್ನೂ ಸರಳವಾದದ್ದನ್ನು ಮಾಡಿ ನೋಡಿ: ಎರಡೂ ಡಿಸ್ಕಿಗೆ ಒಂದೇ ಪಾಸ್‌ಫ್ರೇಸ್ ಕೊಡಿ. ಬೂಟನ್ನು ಸಿಸ್ಟಮ್‌ಡಿ ನಡೆಸುವ ಕಡೆ, ಮೊದಲ ಡಿಸ್ಕಿಗೆ ಕೊಟ್ಟದ್ದನ್ನು ಅದು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು ಎರಡನೆಯದಕ್ಕೂ ಪ್ರಯತ್ನಿಸುತ್ತದೆ. ಸಾಮಾನ್ಯವಾಗಿ ಅಲ್ಲಿಗೇ ಸಮಸ್ಯೆ ಮುಗಿಯುತ್ತದೆ. ನಾನು ಈಗ ಇರುವುದು ಹೀಗೇ.

ಕೀಫೈಲೇ ಬೇಕು ಅಂದರೆ ಮಾಡಿ, ಡೇಟಾ ಡಿಸ್ಕಿಗೆ ಮಾತ್ರ. ಕ್ರಿಪ್ಟ್‌ಟ್ಯಾಬ್ ಸಾಲಿನಲ್ಲಿ ನಾಲ್ಕು ಅಂಕಣ: ಹೆಸರು, ಸಾಧನ, ಕೀಫೈಲಿನ ದಾರಿ, ಆಯ್ಕೆಗಳು. ಎರಡನೆಯದರಲ್ಲಿ ಎಸ್‌ಡಿಬಿ ಥರದ ಹೆಸರು ಬೇಡ, ಅದು ಬದಲಾಗುತ್ತದೆ, ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಹಾಕಿ. ಹಾಕಬೇಕಾದದ್ದು ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಪಟ್ಟಿಯಲ್ಲಿ ಕ್ರಿಪ್ಟೊ ಲಕ್ಸ್ ಎಂದು ಗುರುತಿರುವ ವಿಭಾಗದ್ದು, ಒಳಗಿನ ಫೈಲ್ ಸಿಸ್ಟಮ್‌ನದ್ದಲ್ಲ. ಒಳಗಿನದ್ದು ಮೌಂಟ್ ಮಾಡಬೇಕಾದವುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿಗೆ. ಎರಡೂ ಕಡೆ ನೋಫೇಲ್ ಆಯ್ಕೆ ಸೇರಿಸಿ, ಇಲ್ಲದಿದ್ದರೆ ಡೇಟಾ ಡಿಸ್ಕ್ ಬಾರದ ದಿನ ಬೂಟ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿದ್ದುಬಿಡುತ್ತದೆ. ಹಳೆಯ ಪಾಸ್‌ಫ್ರೇಸನ್ನೇ ಎಕೋ ಕಮಾಂಡಿನಿಂದ ಫೈಲಿಗೆ ಬರೆದು ಕೀಫೈಲ್ ಅಂತ ಕೊಡಬೇಡಿ. ಎಕೋ ಕೊನೆಯಲ್ಲಿ ಹೊಸ ಸಾಲಿನ ಒಂದು ಅಕ್ಷರ ಸೇರಿಸುತ್ತದೆ, ಕೀಫೈಲ್ ಓದುವಾಗ ಅದೂ ಕೀಲಿಯ ಭಾಗವಾಗಿ ಡಿಸ್ಕ್ ತೆರೆಯುವುದೇ ಇಲ್ಲ.

ಸಿಸ್ಟಮ್ ಡಿಸ್ಕಿನ ಕೀಫೈಲನ್ನು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಮೊದಲು ಓಡುವ ಪುಟ್ಟ ಸಿಸ್ಟಮ್ ಇರುವ ಫೈಲ್) ಒಳಗೆ ಸೇರಿಸಿ ಅನ್ನುವ ಸಲಹೆಯೂ ನಿಮಗೆ ಸಿಗುತ್ತದೆ. ಬಹಳ ಕಡೆ ಬೂಟ್ ವಿಭಾಗ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಆ ಫೈಲ್ ಇರುವುದು ಅಲ್ಲೇ. ಕದ್ದವನಿಗೆ ಬೀಗದ ಜೊತೆ ಕೈಯನ್ನೂ ಕೊಟ್ಟ ಹಾಗೆ. ಹಾಗೆ ಮಾಡುವುದಾದರೆ ಎನ್‌ಕ್ರಿಪ್ಷನ್ ಯಾಕೆ ಬೇಕು, ನನಗೆ ಅರ್ಥವಾಗುವುದಿಲ್ಲ.

ಪೂರ್ತಿ ಕೈಮುಟ್ಟದೆ ತೆರೆಯಲೇಬೇಕಾದರೆ ಟಿಪಿಎಂ, ಅಂದರೆ ಯಂತ್ರದೊಳಗೇ ಕೀಲಿ ಕಾಯುವ ಭದ್ರತಾ ಚಿಪ್, ಇದೆ. ಸಿಸ್ಟಮ್‌ಡಿ ಕ್ರಿಪ್ಟ್‌ಎನ್‌ರೋಲ್ ಅದನ್ನು ಇನ್ನೊಂದು ಸ್ಲಾಟಾಗಿ ಸೇರಿಸುತ್ತದೆ, ಜೊತೆಗೆ ಪಿನ್ ಕೂಡ ಕೇಳುವಂತೆ ಮಾಡಬಹುದು. ಮಾಡಿ. ಆದರೆ ಫರ್ಮ್‌ವೇರಿನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾದರೆ ಟಿಪಿಎಂ ಕೀಲಿ ಕೊಡಲು ಒಪ್ಪದೇ ಹೋಗಬಹುದು, ಮದರ್‌ಬೋರ್ಡ್ ಬದಲಾದರಂತೂ ಕೊಡುವ ಮಾತೇ ಇಲ್ಲ. ಅಂಥ ದಿನಕ್ಕೆಂದೇ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಇಟ್ಟುಕೊಂಡಿರುವುದು. ಲಿನಕ್ಸಿನಲ್ಲಿ ಆ ಕೆಲಸ ನಿಮ್ಮ ಹಳೆಯ ಪಾಸ್‌ಫ್ರೇಸಿನದು.

ಇನ್ನು ಹೆಡರ್, ಅಂದರೆ ಸ್ಲಾಟ್‌ಗಳೆಲ್ಲ ಇರುವ ಲಕ್ಸ್‌ನ ಆರಂಭದ ಭಾಗ. ಲಕ್ಸ್‌ಹೆಡರ್‌ಬ್ಯಾಕಪ್ ಮಾಡಿ ಆ ಫೈಲನ್ನು ಈ ಎರಡೂ ಡಿಸ್ಕ್ ಅಲ್ಲದ ಜಾಗದಲ್ಲಿಡಿ, ಎರಡನೇ ಆವೃತ್ತಿಯಲ್ಲಿ ಸಾಮಾನ್ಯವಾಗಿ 16 ಎಂಬಿ ಅಷ್ಟೇ. ಸ್ಲಾಟ್ ಅಳಿಸುವ ಮುಂಚಿನ ಒಂದು ಹೆಡರ್ ಬ್ಯಾಕಪ್ ನನ್ನ ಹತ್ತಿರ ಇದ್ದಿದ್ದರೆ ಹದಿನಾಲ್ಕು ಅಕ್ಷರದ ಆ ಪಾಸ್‌ಫ್ರೇಸೇ ಸಾಕಾಗುತ್ತಿತ್ತು. ಇದೇ ಕಾರಣಕ್ಕೆ, ಪಾಸ್‌ಫ್ರೇಸ್ ಯಾರಿಗೋ ಗೊತ್ತಾಗಿ ಬದಲಿಸಿದ್ದರೆ ಹಳೆಯ ಹೆಡರ್ ಪ್ರತಿಗಳನ್ನು ನಾಶಮಾಡಿ, ಅವುಗಳಲ್ಲಿ ಹಳೆಯದು ಇನ್ನೂ ಜೀವಂತವಾಗಿರುತ್ತದೆ.

ನೀವು ಸ್ಲಾಟ್ 0ನ್ನು ಈಗಾಗಲೇ ಅಳಿಸಿಬಿಟ್ಟಿದ್ದರೆ ಇದನ್ನು ಓದಿ ಮುಗಿಸುವ ಮುಂಚೆಯೇ ಒಂದು ಕೆಲಸ ಮಾಡಿ. ಕೀಫೈಲ್ ಇನ್ನೂ ಕೈಯಲ್ಲಿದೆ, ಯಂತ್ರ ಓಡುತ್ತಿದೆ. ಲಕ್ಸ್‌ಆಡ್‌ಕೀಗೆ ಆ ಕೀಫೈಲನ್ನೇ ಕೊಟ್ಟು ಹೊಸ ಪಾಸ್‌ಫ್ರೇಸ್ ಸೇರಿಸಿ. ಆಮೇಲೆ ಕ್ರಿಪ್ಟ್‌ಸೆಟಪ್ ಓಪನ್‌ಗೆ ಟೆಸ್ಟ್ ಪಾಸ್‌ಫ್ರೇಸ್ ಆಯ್ಕೆ ಹಾಕಿ, ಕೀಫೈಲ್ ಕೊಡದೆ, ಅದನ್ನು ಕೈಯಾರೆ ಟೈಪ್ ಮಾಡಿ ಒಪ್ಪುತ್ತದೆಯೇ ನೋಡಿ. ಒಪ್ಪಿತು ಅಂತ ಖಾತ್ರಿಯಾಗುವವರೆಗೆ ಯಂತ್ರ ಆಫ್ ಮಾಡಬೇಡಿ.