ಕಾಲುವೆಯ ಕೊನೆಯ ಹೊಲ

ತಮ್ಮಾ, ಅಮೆರಿಕದಲ್ಲಿ ಏರ್‌ಲೈನ್ ಪೈಲಟ್ ಆಗಲು ಹೊರಟ ನಿನಗೆ ಗ್ರೀನ್ ಕಾರ್ಡ್ ಬಂತು, ಬೇಕಾದ 1,500 ತಾಸಿನ ಹಾರಾಟವೂ ತುಂಬಿತು ಅಂದ್ರೆ ದೊಡ್ಡ ಗಂಡಾಂತರ ದಾಟಿದೆ. ರೀಜನಲ್‌ಗೆ, ಅಂದ್ರೆ ದೊಡ್ಡ ಏರ್‌ಲೈನ್‌ಗಳಿಗಾಗಿ ಸಣ್ಣ ವಿಮಾನ ಓಡಿಸುವ ಕಂಪನಿಗೆ, ಈಗಲೇ ಸೇರಲೋ, ಹೆಚ್ಚು ಬೋನಸ್ ಕೊಡುವವರಿಗೆ ಕಾಯಲೋ, ಮೇಜರ್‌ನವರು, ಅಂದ್ರೆ ಆ ದೊಡ್ಡ ಏರ್‌ಲೈನ್‌ಗಳ ಪೈಲಟ್‌ಗಳು, ನಮ್ಮನ್ನು ಕೀಳಾಗಿ ಕಾಣ್ತಾರೋ ಅಂತ ಕೇಳಿದ್ದೀಯ. ಚಳಿ, ಊಟದ ಚಿಂತೆ ಬಿಡು. ಜೋಳದ ಹಿಟ್ಟು ಸಿಗುತ್ತದೆ, ಹಳೆಯದು, ಜಿಗಿ ಇರೋದಿಲ್ಲ; ಎಸರು ಹಾಕಿ ಕಲಸು.

ಇಲ್ಲಿ ನೌಕರಿಯ ಬೆಲೆಯೆಲ್ಲ ಸೇರಿದ ತಾರೀಖಿನಲ್ಲಿದೆ. ಬೇಸ್ (ಡ್ಯೂಟಿ ಶುರುವಾಗುವ ಊರು), ರಜೆ, ಯಾವ ವಿಮಾನ, ಯಾವಾಗ ಕ್ಯಾಪ್ಟನ್, ಎಲ್ಲವೂ ಸೀನಿಯಾರಿಟಿ ನಂಬರಿನ ಮೇಲೆ. ಕೆಲಸದಿಂದ ತೆಗೆದು ಮನೆಗೆ ಕಳಿಸುವಾಗ ಮಾತ್ರ ಲಿಸ್ಟಿನ ತಳದಿಂದ ಶುರು. ಒಂದೇ ದಿನ ಸೇರಿದವರಲ್ಲಿ ಎಷ್ಟೋ ಕಡೆ ವಯಸ್ಸಾದವನೇ ಮೇಲೆ. ಕಂಪನಿ ಬದಲಿಸಿದರೆ ಹತ್ತು ವರ್ಷದ ಕ್ಯಾಪ್ಟನ್ನನೂ ಹೊಸ ಲಿಸ್ಟಿನ ಕೊನೆಗೆ. ಮಾನ್ವಿ ಕಡೆಯವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಎಡದಂಡೆ ಕಾಲುವೆಯಲ್ಲಿ ಮೇಲಿನವರ ಭತ್ತ ಕುಡಿದು ಉಳಿದದ್ದು ನಮಗೆ. ಇಲ್ಲಿ ಮೇಲಿನವರು 65ಕ್ಕೆ ಕಡ್ಡಾಯವಾಗಿ ನಿವೃತ್ತರಾಗ್ತಾರೆ, ಅದೊಂದೇ ಸಮಾಧಾನ.

ಅದಕ್ಕೇ ಬೋನಸ್‌ಗೆ ಕಾಯಬೇಡ. ಮೊದಲು ಕರೆದವರಲ್ಲಿ ಸೇರು. ಅವಧಿಗೆ ಮುಂಚೆ ಬಿಟ್ಟರೆ ಬೋನಸ್ ಪೂರ್ತಿ ವಾಪಸ್ಸೋ, ಉಳಿದ ತಿಂಗಳಿನದಷ್ಟೋ, ಸಹಿಗೆ ಮುಂಚೆ ಓದು. ಕೋ‌ಪೈಲಟ್ ಆಗಿ 1,000 ತಾಸು ಆಗದೆ ಕ್ಯಾಪ್ಟನ್ ಮಾಡೋದಿಲ್ಲ. ಆದ ಮೇಲೆಯೇ ನಿಜವಾದ ಗುಂಡಿ. ಕ್ಯಾಪ್ಟನ್ ಸಂಬಳ ಬಿಟ್ಟು ಮೇಜರ್‌ನಲ್ಲಿ ಮೊದಲ ವರ್ಷದ ಸಂಬಳಕ್ಕೆ ಇಳಿಯಲು ಮನಸ್ಸು ಬರೋದಿಲ್ಲ. ಆ ಹಿಸೇಬಿನಲ್ಲೇ ನಾನು ಮೂರು ವರ್ಷ ಕೂತೆ. ಈಗ ಯುಗಾದಿಗೆ ರಜೆ ಸಿಗುತ್ತದೆ, ಅದನ್ನು ಬೇರೆ ಯಾರೂ ಕೇಳೋದಿಲ್ಲ. ಮಕ್ಕಳ ಶಾಲೆಗೆ ಸೂಟಿ ಇದ್ದಾಗ ಊರಿಗೆ ಹೋಗಲು ನನ್ನ ನಂಬರ್ ಸಾಲದು.

ಇನ್ನು ಕೀಳಾಗಿ ಕಾಣುವ ಮಾತು. ಜಗಳ ಮನುಷ್ಯರದ್ದಲ್ಲ, ತೂಬಿನದ್ದು. ರೀಜನಲ್‌ಗೆ 76 ಸೀಟು, 86,000 ಪೌಂಡ್ ತೂಕ ಮೀರಿದ ವಿಮಾನ ಕೊಡಬಾರದು ಅಂತ ದೊಡ್ಡ ಮೇಜರ್‌ಗಳ ಪೈಲಟ್ ಸಂಘಗಳು ಕರಾರಿನಲ್ಲಿ ಬರೆಸಿವೆ. ಎಂಬ್ರೇಯರ್ 175 ಅದರೊಳಗೆ ಹಿಡಿಸುತ್ತದೆ. ಅದರ ಹೊಸ ಇ2 ಭಾರ ಹೆಚ್ಚಾಗಿ ಹೊರಗೇ ಉಳಿದಿದೆ. ದೊಡ್ಡ ವಿಮಾನ ಅಗ್ಗದ ಸಂಬಳಕ್ಕೆ ಹೋದರೆ ನಮ್ಮ ಕೆಲಸ ಹೋಯಿತು ಅಂತ ಮೇಜರ್‌ನವರು. ಅದೇ ಬಣ್ಣದ ವಿಮಾನ, ಅದೇ ಪ್ರಯಾಣಿಕರು, ಸಂಬಳ ಮಾತ್ರ ಬೇರೆ ಯಾಕೆ ಅಂತ ರೀಜನಲ್‌ನವರು. ನಾಳೆ ನೀನು ಆ ಕಡೆ ದಾಟಿದರೆ ನೀನೂ ತೂಬು ಮುಚ್ಚು ಅಂತೀಯ, ನೋಡ್ತಿರು.

ಹೊಸದರಲ್ಲಿ ರಿಸರ್ವ್ ಸಿಗುತ್ತದೆ, ಕರೆದಾಗ ಹೋಗಲು ತಯಾರಿರುವ ಡ್ಯೂಟಿ. ಶಾರ್ಟ್ ಕಾಲ್ ಬಂದರೆ ಸುಮಾರು ಎರಡು ತಾಸಿನಲ್ಲಿ ಏರ್‌ಪೋರ್ಟಿನಲ್ಲಿರಬೇಕು, ಆದ್ದರಿಂದ ಬೇಸ್ ಇರುವ ಊರಲ್ಲೇ ಮನೆ ಮಾಡು. ಬೇರೆ ಕಂಪನಿಯ ಜಂಪ್ ಸೀಟಿನಲ್ಲಿ (ಪೈಲಟ್‌ಗಳಿಗೆ ಬಿಡುವ ಹೆಚ್ಚುವರಿ ಸೀಟು) ಹೋಗುವಾಗ ಮೊದಲು ಕಾಕ್‌ಪಿಟ್ ಬಾಗಿಲಲ್ಲಿ ನಿಂತು ಕ್ಯಾಪ್ಟನ್ನನ ಅನುಮತಿ ಕೇಳು. ಗೇಟಿನಲ್ಲಿ ಹೆಸರು ಬರೆಸಿದ್ದೇನೆ ಅಂತ ನೇರ ಹೋಗಿ ಕೂರಬೇಡ. ಚೆಕ್‌ರೈಡ್ (ಹಾರಾಟದ ಪರೀಕ್ಷೆ) ಫೇಲ್ ಆಗಿದ್ದರೆ ಅರ್ಜಿಯಲ್ಲಿ ನೀನೇ ಬರೆ, ದಾಖಲೆಯಲ್ಲಿ ಹೇಗೂ ಸಿಗುತ್ತದೆ. ಅರ್ಜಿ ಹಾಕೋ ಮುಂಚೆ ಲಾಗ್‌ಬುಕ್ಕಿನ ಕೂಡುಲೆಕ್ಕ ಇನ್ನೊಮ್ಮೆ ನೋಡು, ರಾತ್ರಿ ತಾಸುಗಳನ್ನು ಮುಖ್ಯವಾಗಿ.